ಕರೆದರೆ ಬಾರದ ಬೆಕ್ಕು

ಕರೆದ ಕೂಡಲೇ ಓಡಿಬರುವವನನ್ನು ಲೋಕ ಜಾಣನೆಂದು ಎಣಿಸುವುದಿಲ್ಲ. ಕೂಗಿದರೂ ಅತ್ತ ತಿರುಗದೆ, ಮತ್ತೆ ಕೂಗಿದಾಗ ಕಣ್ಣಷ್ಟೇ ಹೊರಳಿಸುವವನು ದೊಡ್ಡ ಮನುಷ್ಯ. ನಾನು ಓಡಿಬರುವವರ ಪೈಕಿ. ಸಾಹೇಬರು ನನ್ನ ಹೆಸರನ್ನು ಪೂರ್ತಿ ಉಚ್ಚರಿಸುವ ಹೊತ್ತಿಗೆ ಅವರ ಮೇಜಿನ ಮುಂದೆ ಕೈಕಟ್ಟಿ ನಿಂತಿರುತ್ತಿದ್ದೆ. ಅದಕ್ಕೇ ಇರಬೇಕು, ಆಳಂದದ ತಹಶೀಲ ಕಚೇರಿಯಲ್ಲಿ ನಕಲು ಬರೆದು ಬರೆದು ಬೆರಳು ಸೊಟ್ಟಗಾದರೂ ನನ್ನ ನೌಕರಿ ಕಾಯಂ ಆಗಿರಲಿಲ್ಲ. ಆಗಿನ್ನೂ ನಿಜಾಮರ ಕಾಲ, ಬರಹವೆಲ್ಲ ಉರ್ದುವಿನಲ್ಲಿ. ಹೊಸದಾಗಿ ಬಂದ ತಹಶೀಲ್ದಾರ ಸಾಹೇಬರು ಒಂದು ಸಹಿ ಹಾಕಿದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು.

ನಾನು ಹುಟ್ಟಿದ ಕೊಳಕೂರಿನಲ್ಲಿ ಬೆಕ್ಕಿಗೆ ತಳಿ ಎಂಬುದೇ ಇರಲಿಲ್ಲ. ಕದ್ದು ಸಿಕ್ಕಿಬಿದ್ದ ಬೆಕ್ಕು, ಕದ್ದೂ ಸಿಕ್ಕಿಬೀಳದ ಬೆಕ್ಕು ಎಂದು ಎರಡೇ ಬಗೆ. ಸ್ವಭಾವದ ಮಾತಿಗೆ ಬಂದರೆ, ಜಿಡಗಾದಲ್ಲಿದ್ದ ನಮ್ಮ ಸೋದರತ್ತೆ ತನ್ನ ಬೆಕ್ಕು ಸೋಮವಾರ ಉಪವಾಸ ಮಾಡುತ್ತದೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಮನೆಮಂದಿಯೆಲ್ಲ ಉಪವಾಸವಿದ್ದು ಒಲೆಯೇ ಹೊತ್ತದ ದಿನ ಅದು ಇನ್ನೇನು ಮಾಡೀತು ಎಂದು ಯಾರೂ ಕೇಳಲಿಲ್ಲ. ಆಳಂದದ ನಮ್ಮ ಮನೆಯಲ್ಲಿ ಕಬರಿ ಎಂಬ ಹೆಣ್ಣು ಬೆಕ್ಕು ಇತ್ತು. ಬೂದಿಯೂ ಕೆಂಪೂ ಕಲಸಿದ ಮೈ, ಒಂದು ಕಿವಿ ಹರಿದದ್ದು. ಹಾಲಿನ ಗಡಿಗೆಯ ಮುಚ್ಚಳ ತುಸು ಸರಿದರೆ ಸಾಕು, ಪಕ್ಕದ ಓಣಿಯಿಂದ ಹಾಜರಾಗುತ್ತಿತ್ತು. ಇಷ್ಟು ಅಗ್ಗದ ಪ್ರಾಣಿಯಲ್ಲಿ ಬುದ್ಧಿ ಎಲ್ಲಿಂದ ಬರಬೇಕು ಎಂದು ನಾನು ಅದನ್ನು ಕಡೆಗಣ್ಣಿನಿಂದಲೇ ನೋಡುತ್ತಿದ್ದೆ.

ಸಾಹೇಬರು ಹೈದರಾಬಾದಿನಿಂದ ಬಂದಾಗ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಬೆಕ್ಕನ್ನು ಮಾತ್ರ ಕರೆತಂದಿದ್ದರು. ಹೆಸರು ಚಾಂದನಿ, ಇರಾನಿ ತಳಿ. ಹಿಂಜಿದ ಅರಳೆಯಂಥ ಬಿಳಿ ಕೂದಲು, ನೀಲಿ ಕಣ್ಣು. ಕಚೇರಿ ಬಿಟ್ಟ ಮೇಲೆ ಸಾಹೇಬರು ಬಂಗಲೆಯ ಪಡಸಾಲೆಯಲ್ಲಿ ಕೂತು ತಾವೇ ಕಟ್ಟಿದ ಶಾಯರಿಯನ್ನು ಅದಕ್ಕೆ ಓದಿ ಹೇಳುತ್ತಿದ್ದರು. ಇಡೀ ಹೈದರಾಬಾದು ಕೇಳಿಸಿಕೊಳ್ಳದ್ದನ್ನು ಇದೊಂದು ಪ್ರಾಣಿ ಕೇಳುತ್ತದೆ ಎನ್ನುತ್ತಿದ್ದರು. ಒಮ್ಮೆ ಭೀಮಾ ದಂಡೆಯ ಅಫಜಲಪುರದ ಕಡೆ ಕೆಲಸ ಬಂದು, ಹೋಗುವಾಗ ಚಾಂದನಿಯನ್ನು ನನ್ನ ಕೈಗೆ ಒಪ್ಪಿಸಿದರು. ಇದು ಖಾನದಾನಿ ಬೆಕ್ಕು, ಯಾರೋ ಕರೆದರೆ ಬರುವುದಲ್ಲ, ಅದಬು, ಅಂದರೆ ಮರ್ಯಾದೆಯ ರೀತಿನೀತಿ, ತಿಳಿದವರು ಕರೆದರೆ ಮಾತ್ರ ಬರುತ್ತದೆ, ನೀನು ಎಂಥವನೆಂದು ತಿರುಗಿ ಬಂದು ನೋಡುತ್ತೇನೆ ಎಂದರು. ನನ್ನ ಕಾಯಮ್ಮಿನ ಪರೀಕ್ಷೆ ಇದೇ ಎಂದು ನನಗೆ ಖಾತ್ರಿಯಾಯಿತು.

ಮನೆಯಲ್ಲಿ ಚಾಂದನಿಗೆ ನಾನು ಸೊಂಟಕ್ಕೆ ಸುತ್ತುವ ದಟ್ಟಿಯನ್ನೇ ಗಾದಿ ಮಾಡಿ ಹಾಸಿದೆ. ಎದುರಿಗೆ ಕೂತು, ಕಚೇರಿಯಲ್ಲಿ ಕಲಿತ ಉರ್ದುವನ್ನೆಲ್ಲ ಬಳಸಿ, ತಶರೀಫು ತರಬೇಕು, ದಯಮಾಡಿಸಬೇಕು, ಹಾಲು ಸ್ವೀಕರಿಸಬೇಕು ಎಂದು ಬಿನ್ನವಿಸಿಕೊಂಡೆ. ಅದು ಗೋಡೆ ನೋಡುತ್ತ ಕೂತಿತ್ತು. ಕರಜಗಿಯ ಕಡೆಯವಳಾದ ನನ್ನ ಹೆಂಡತಿ, "ಬಾರವ್ವಾ ತಂಗಿ, ಹಾಲು ಕುಡಿ ಬಾ," ಎಂದು ತನ್ನ ಭಾಷೆಯಲ್ಲಿ ಕರೆದಳು. ಅದಕ್ಕೂ ಗೋಡೆಯೇ ಉತ್ತರ. ಅಷ್ಟರಲ್ಲಿ ಕಬರಿ ಬಂದು, ಯಾವ ಭಾಷೆಯ ಹಂಗೂ ಇಲ್ಲದೆ, ಹಾಲನ್ನು ನೆಕ್ಕಿ ಮುಗಿಸಿತು.

"ನೋಡು, ದೊಡ್ಡ ಮನೆತನದ ಗುಣ ಅಂದ್ರ ಇದು. ಹಸಿವಿದ್ರೂ ಕೈ ಚಾಚಂಗಿಲ್ಲ," ಎಂದೆ.

"ಹಂಗಾರ ಉಪಾಸ ಕುಂತಾಕಿ ಶ್ಯಾಣ್ಯಾಕಿ, ಹಾಲು ಕುಡದಾಕಿ ದಡ್ಡಿ. ಹೌದಲ್ರಿ?" ಎಂದಳು.

ಹೌದೆಂದೆ. ಅಂದಿನಿಂದ ನಾನು ಕರೆಯುವುದು, ಅದು ಗೋಡೆ ನೋಡುವುದು ನಡೆದೇ ಇತ್ತು. ದಿನ ಹೋದಂತೆ ಅದರ ಮೇಲಿನ ನನ್ನ ಗೌರವ ಏರಿತು, ಕರೆದು ಕರೆದು ಗಂಟಲು ಇಳಿಯಿತು. ಒಂದು ಮುಂಜಾನೆ ಅಡ್ಡಗೋಡೆಯ ಮೇಲಿದ್ದ ತಾಮ್ರದ ಕೊಡ ಜಾರಿ ಚಾಂದನಿಯ ಬೆನ್ನ ಹಿಂದೆಯೇ ಬಿತ್ತು. ಬರೆಯುತ್ತಿದ್ದ ಕಾಗದದ ಮೇಲೆ ನಾನು ಶಾಯಿ ಚೆಲ್ಲಿಕೊಂಡೆ. ಕಬರಿ ಹಾರಿ ಜಂತಿ ಏರಿತು. ನೆರೆಮನೆಯ ಕೂಸು ಚಿಟ್ಟನೆ ಚೀರಿತು. ಚಾಂದನಿ ಮಾತ್ರ ಅಂಗಾಲು ನೆಕ್ಕುತ್ತ ಹಾಗೇ ಕೂತಿತ್ತು. ಇಂಥ ಸ್ಥೈರ್ಯ ಋಷಿಗಳಿಗೂ ಇಲ್ಲ ಎಂದು ನಾನು ಕೊಂಡಾಡುತ್ತಿರುವಾಗ, ಹೆಂಡತಿ ಹಿಟ್ಟು ನಾದುವ ಪರಾತ ತಂದು ಅದರ ಕಿವಿಯ ಹಿಂದೆ ಹಿಡಿದು ಸೌಟಿನಿಂದ ಜೋರಾಗಿ ಬಾರಿಸಿದಳು. ಚಾಂದನಿ ಇನ್ನೊಂದು ಅಂಗಾಲು ನೆಕ್ಕಲು ತೊಡಗಿತು.

"ಇದಕ್ಕ ಕಿವಿನೇ ಕೇಳಸಂಗಿಲ್ರಿ. ಹುಟ್ಟಾ ಕಿವುಡು," ಎಂದಳು.

ಮೊದಲು ನನಗೆ ನೆನಪಾದದ್ದು ಕಾಯಮ್ಮು. ಕಿವುಡು ಬೆಕ್ಕನ್ನು ಯಾವ ಅದಬಿನಿಂದ ಕರೆದು ತೋರಿಸಲಿ? ಆಮೇಲೆ ಸಾಹೇಬರ ಪಡಸಾಲೆ ಕಣ್ಣಿಗೆ ಕಟ್ಟಿತು. ಆ ಮನುಷ್ಯ ಮಡದಿ ಮಕ್ಕಳ ನೆನಪನ್ನೆಲ್ಲ ಶಾಯರಿ ಮಾಡಿ, ತನ್ನನ್ನು ಕೇಳುವ ಒಂದು ಜೀವವಾದರೂ ಇದೆಯೆಂದು ನಂಬಿ ಓದುತ್ತಿದ್ದದ್ದು ನೆನೆದು ನಿಜಕ್ಕೂ ಸಂಕಟವಾಯಿತು.

ಸಾಹೇಬರು ತಿರುಗಿ ಬಂದರು. ಬಂಗಲೆಗೆ ಬೆಕ್ಕನ್ನೊಯ್ದು ಕೆಳಗೆ ಬಿಟ್ಟೆ. "ಹ್ಞಾಂ ಮುನ್ಷಿ, ಈಗ ಕರೀ, ನೋಡೂಣು," ಎಂದರು. ನಾನು ಬಗ್ಗಿ, ಎದೆಯ ಮೇಲೆ ಕೈಯಿಟ್ಟು, ಇದ್ದಬದ್ದ ಉರ್ದುವನ್ನೆಲ್ಲ ಸುರಿದು ಕರೆದೆ. ಚಾಂದನಿ ಅಂಗಳದ ಬೇವಿನ ಗಿಡ ನೋಡುತ್ತಿತ್ತು. ಸಾಹೇಬರೇ, ಇದಕ್ಕೆ ಕಿವಿ ಕೇಳಿಸುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದಿದ್ದರೆ ನನ್ನ ಅದಬೂ ಉಳಿಯುತ್ತಿತ್ತು, ನೌಕರಿಯೂ ಬಹುಶಃ ಉಳಿಯುತ್ತಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಸಾಹೇಬರು ಖುಷಿಯಿಂದ ನಕ್ಕರು. ತಮ್ಮನ್ನು ಬಿಟ್ಟು ಬೇರೆಯವರು ಕರೆದರೆ ಬರುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ನನ್ನನ್ನೂ ಕೂಡಿಸಿಕೊಂಡು, ಭೀಮಾ ದಂಡೆಯಲ್ಲಿ ಕಟ್ಟಿದ ಹೊಸ ಶಾಯರಿ ಓದಲು ಸುರು ಮಾಡಿದರು. ಮೊದಲ ಸಾಲಿಗೇ ನಾನು ಎದ್ದುಬಿದ್ದು ವಾಹ್ ಎಂದೆ.

"ತಡೀಯೋ ಮಾರಾಯಾ. ಮಾತು ಇನ್ನೂ ಮುಗದಿಲ್ಲ," ಎಂದು ಅವರು ಮುಖ ಗಂಟಿಕ್ಕಿಕೊಂಡರು. ಎರಡನೆಯ ಸಾಲು ಮುಗಿಯುವುದಕ್ಕೂ ಬಿಸಿಲಿಗೆ ಚಾಂದನಿ ಮೆಲ್ಲಗೆ ಕಣ್ಣು ಮುಚ್ಚುವುದಕ್ಕೂ ಸರಿಹೋಯಿತು. "ನೋಡು. ಎಲ್ಲಿ ತಲೆದೂಗಬೇಕು ಅಂಬೂದು ಅದಕ್ಕ ಗೊತ್ತದ. ನೀ ಓದಿ ಬರದವ, ನಿನಗ ಗೊತ್ತಿಲ್ಲ. ದಿನಾ ಬಂದು ಅದರ ಬಾಜೂಕ ಕೂಡು, ಕಲೀ."

ದಿನಾ ಹೋಗಿ ಕೂತೆ. ಶಾಯರಿ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ. ಬೆಕ್ಕಿನ ಮೇಲೆ ಒಂದು ಕಣ್ಣಿಟ್ಟು, ಅದು ರೆಪ್ಪೆ ಮುಚ್ಚಿದಾಗ ವಾಹ್ ಎನ್ನುತ್ತ, ತೆರೆದಾಗ ಸುಮ್ಮನಿರುತ್ತ ಬಂದೆ. ಮುನ್ಷಿ ಬಹಳ ಸುಧಾರಿಸಿದ್ದಾನೆ, ತಿಳಿವಳಿಕೆ ಬಂದಿದೆ ಎಂದು ಸಾಹೇಬರು ಕಚೇರಿಯಲ್ಲಿ ಹತ್ತು ಜನರೆದುರು ಹೇಳಿ, ಮುಂದಿನ ವಾರವೇ ಸಹಿ ಹಾಕಿದರು.

ಓಡುತ್ತ ಮನೆಗೆ ಬಂದು ಹೆಂಡತಿಗೆ ಸುದ್ದಿ ಹೇಳಿದೆ. ಆಕೆ ಕಬರಿಯ ಮುಂದೆ ಹಾಲಿನ ಬಟ್ಟಲು ಇಡುತ್ತಿದ್ದಳು. "ಕಿವುಡು ಬೆಕ್ಕಿನ ಕೈಯಾಗ ಕಲ್ತು ಶ್ಯಾಣ್ಯಾ ಆದ್ರಿ, ಚಲೋ ಆತು," ಎಂದಳು. "ಈ ಕಬರಿ ಕೈಯಾಗ ಕಲ್ತಿದ್ರ ಹಾಲರೆ ಸಿಗತಿತ್ತು." ಆಗಲೇ ಹೊತ್ತು ಮೀರುತ್ತಿತ್ತು. ಬಂಗಲೆಯಲ್ಲಿ ಸಾಹೇಬರು ಓದಲು ಕೂತಿರುತ್ತಾರೆ, ಬೆಕ್ಕಿಗಿಂತ ತಡವಾಗಿ ಹೋಗುವುದು ಚೆಂದವಲ್ಲವೆಂದು ಟೊಪ್ಪಿಗೆ ಹಾಕಿಕೊಂಡು ಹೊರಟೆ.