ನೂರ ನಲವತ್ತೇಳು ಅಕ್ಷರದ ವಿಳಾಸ

ಅಳತೆ ಮತ್ತು ತೂಕದ ಕಚೇರಿಯ ಇ-ಮೇಲ್ ತೆರೆಯುವ ವಿಳಾಸವು ನೂರ ನಲವತ್ತೇಳು ಅಕ್ಷರಗಳಷ್ಟು ಉದ್ದವಿದ್ದು, ಈ ಬಗ್ಗೆ ಸಿಬ್ಬಂದಿಯಲ್ಲಿ ಯಾರ ತಕರಾರೂ ಇರುವುದಿಲ್ಲ.

ಮೊದಲು ಅದು ಮೂವತ್ತೊಂದು ಅಕ್ಷರವಿತ್ತು. ಮೇಲನ್ನು ಪರರ ಕೈಗೆ ಕೊಡಬಾರದೆಂದು ಕಚೇರಿ ತನ್ನದೇ ಸರ್ವರನ್ನು ಜೆರಾಕ್ಸ್ ಕೋಣೆಯಲ್ಲಿ ಇಟ್ಟುಕೊಂಡಿತ್ತು. ವಿಳಾಸ ಆ ಸರ್ವರಿನ ಜೊತೆಗೇ ಬಂದದ್ದು. ಟಪಾಲು ವಿಭಾಗದ ಅಕ್ಕನಿಗೆ ಆ ಮೂವತ್ತೊಂದೂ ಒಂದೇ ಸಲಕ್ಕೆ ಸರಿ ಬರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಗಂಡ ಒಂದೂರು, ಅವಳೊಂದೂರು. ಭಾನುವಾರ ಬಂದವನು ಬ್ಯಾಗಿನಿಂದ ಬಟ್ಟೆ ತೆಗೆಯುವಷ್ಟರಲ್ಲಿ ಹೊರಡುವ ಹೊತ್ತಾಗುತ್ತಿತ್ತು. ಅವನ ಊರಿಗೆ ವರ್ಗ ಬೇಕೆಂದರೆ ತಿಂಗಳ ಕೊನೆಯೊಳಗೆ ಕಚೇರಿಯ ಇ-ಮೇಲ್ ಮೂಲಕವೇ ಅರ್ಜಿ ಹೋಗಬೇಕು.

"ಇದನ್ನ ಚಿಕ್ಕದು ಮಾಡಕ್ಕಾಗಲ್ವೇನಪ್ಪಾ?" ಎಂದು ಅಕ್ಕ ಸರ್ವರ್ ನೋಡಿಕೊಳ್ಳುವ ತಂತ್ರಜ್ಞನನ್ನು ಕೇಳಿದಳು.

"ಒಂದು ಸಾಲು ಬದಲಾಯಿಸಿದ್ರೆ ಮುಗೀತಕ್ಕಾ. ಎರಡು ನಿಮಿಷದ ಕೆಲಸ."

"ಹಾಗೇ ಮಾಡಿಬಿಟ್ರೆ ಚೆನ್ನಾಗಿರಲ್ಲ. ಸಾಹೇಬರನ್ನ ಒಂದು ಮಾತು ಕೇಳೋಣ."

ಕೇಳಿದರು. ಸಾಹೇಬರು ಸಮಿತಿ ರಚಿಸಿದರು. ವಿಳಾಸದಲ್ಲಿ ತಮ್ಮ ಹೆಸರಿರಬೇಕೆಂದು ತಕ್ಕಡಿ ವಿಭಾಗದವರು ಪಟ್ಟು ಹಿಡಿದರು. ತಕ್ಕಡಿ ಬಂದ ಮೇಲೆ ತೂಕದ ಬಟ್ಟಿನವರು ಸುಮ್ಮನಿರುತ್ತಾರೆಯೇ? ಲೀಟರಿನವರು, ಮೀಟರಿನವರು, ಕೊನೆಗೆ ಮೊಹರಿನವರೂ ಒಳಗೆ ಬಂದರು. ಆದೇಶ ಹೊರಬಿತ್ತು:

"ಚಿಕ್ಕದಾಗಿಸಿದ ವಿಳಾಸವು ನೂರ ನಲವತ್ತೇಳು ಅಕ್ಷರಗಳನ್ನು ಹೊಂದಿರತಕ್ಕದ್ದು. ಭದ್ರತೆಯ ದೃಷ್ಟಿಯಿಂದ ಇದನ್ನು ಕಾಗದದಲ್ಲಾಗಲಿ, ಕಂಪ್ಯೂಟರಿನಲ್ಲಾಗಲಿ, ಅಂಗೈಯಲ್ಲಾಗಲಿ ಬರೆದಿಡತಕ್ಕದ್ದಲ್ಲ. ಪ್ರತಿ ಸೋಮವಾರ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಾಗುವುದು."

"ಸರ್, ಒಂದಕ್ಷರ ತಪ್ಪಿದ್ರೂ ತೆರ್ಕೊಳ್ಳಲ್ಲ," ಎಂದ ತಂತ್ರಜ್ಞ.

"ಕಳ್ಳರಿಗೂ ತೆರ್ಕೊಳ್ಳಲ್ಲ ತಾನೆ?" ಎಂದರು ಸಾಹೇಬರು.

ಅಕ್ಕ ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ನಿಂತು ಜೋಲಿ ಹೊಡೆಯುತ್ತ, ಮಗ್ಗಿಯಂತೆ ಅದನ್ನು ಬಾಯಿಪಾಠ ಮಾಡಿದಳು. ತಿಂಗಳ ಕೊನೆಯ ದಿನ ಒಂದೊಂದೇ ಅಕ್ಷರ ಒತ್ತಿದಳು. ತೆರೆಯಿತು. ಅರ್ಜಿ ಹೋಯಿತು. ಅವಳಿಗೆ ಅಳುವೇ ಬಂತು.

ಕಚೇರಿಯಲ್ಲಿ ಮತ್ತಾರಿಗೂ ತೆರೆಯಲಿಲ್ಲ. ತಂತ್ರಜ್ಞನಿಗೆ ಸರ್ವರ್ ಮುಟ್ಟುವ ಅನುಮತಿಯಿತ್ತೇ ಹೊರತು ಬೇರೆಯವರ ಮೇಲ್ ತೆರೆಯುವ ಅನುಮತಿ ಇರಲಿಲ್ಲ. ಹೀಗಾಗಿ ಅಕ್ಕನೇ ಬೆಳಿಗ್ಗೆ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರದನ್ನೂ ತೆರೆದುಕೊಡತೊಡಗಿದಳು. ಟಪಾಲು ಮೂಲೆಯಲ್ಲಿ ರಾಶಿ ಬಿತ್ತು.

ಒಂದು ಬುಧವಾರ ಸಾಹೇಬರ ಮೇಲ್ ತೆರೆದರೆ ಮೊದಲಿಗೇ ಅವಳ ವರ್ಗದ ಪತ್ರ. ಮಂಜೂರಾಗಿದೆ, ಕಚೇರಿ ಮುಖ್ಯಸ್ಥರು ಒಪ್ಪಿಗೆ ತಿಳಿಸತಕ್ಕದ್ದು.

"ತುಂಬಾ ಸಂತೋಷನಮ್ಮ," ಎಂದರು ಸಾಹೇಬರು, ಮನಸಾರೆ. "ಆದ್ರೆ ನೀವು ಹೋದ್ರೆ ಇಂಥ ಸಂತೋಷದ ಸುದ್ದಿನ ನನಗೆ ತೆಗೆದು ತೋರಿಸೋರು ಯಾರು? ಬರೀರಿ. ಸದರಿ ನೌಕರರು ಈ ಕಚೇರಿಗೆ ಅನಿವಾರ್ಯವಾಗಿದ್ದು, ಬಿಡುಗಡೆ ಮಾಡಲು ಬರುವುದಿಲ್ಲ."

ಅಕ್ಕ ಬರೆದಳು. ತಪ್ಪಿದೆಯೇ ಎಂದು ಇನ್ನೊಮ್ಮೆ ಓದಿ ಕಳಿಸಿದಳು. ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ಅನಿವಾರ್ಯ ಎಂದಿರಲಿಲ್ಲ. ಸಿಬ್ಬಂದಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವಳು ಗಂಡನಿಗೆ ಫೋನು ಮಾಡಿ, ಬ್ಯಾಗಿನ ಜಿಪ್ಪು ಹೋಗಿದೆಯಲ್ಲ, ಹೊಸದು ಹಾಕಿಸಿಕೊಳ್ಳಿ ಎಂದಳು.

ಜೆರಾಕ್ಸ್ ಕೋಣೆಯ ಬಾಗಿಲಲ್ಲಿ ತಂತ್ರಜ್ಞ ದನಿ ತಗ್ಗಿಸಿದ. "ಅಕ್ಕಾ, ಯಾರಿಗೂ ಹೇಳದೆ ಚಿಕ್ಕದು ಮಾಡಿಬಿಡ್ಲಾ? ಎರಡೇ ನಿಮಿಷ. ಆಮೇಲೆ ನಿಮ್ಮನ್ನ ಯಾಕೆ ಹಿಡ್ಕೋತಾರೆ?"

"ಅನುಮತಿ ಇಲ್ಲದೆ ಹೇಗಪ್ಪಾ?" ಎಂದಳು ಅಕ್ಕ. "ಒಂದು ಅರ್ಜಿ ಬರ್ಕೊಡು. ಸಾಹೇಬರಿಗೆ ನಾನೇ ತೆಗೆದು ತೋರಿಸ್ತೀನಿ."