ಅವಳಿ ಅಕ್ಕನ ಮೀಸಿ

ರಂಗದ ಮ್ಯಾಲ ಒಂದೇ ಮುಖದ ಇಬ್ಬರನ್ನ ತಂದು ನಿಲ್ಲಿಸಿದ್ರ ಫಜೀತಿ ಅಲ್ಲೇ ನಿಲ್ಲಂಗಿಲ್ಲ ನೋಡ್ರಿ, ಕೆಳಗಿಳಿದು ಮನಿತನಕ ಬರ್ತದ. ನಿಜಾಮರ ಕಾಲದಾಗ ನಾನು ಆಳಂದದ ಅಡತಿ ಅಂಗಡಿಯಾಗ ತೊಗರಿ ತೂಗ್ತಿದ್ದೆ. ಆಗ ಈ ಫಜೀತಿ ಬಂದು ನನ್ನ ಲಗ್ನಕ್ಕೇ ಗಂಟು ಬಿತ್ತು.

ಮೀಸಿಗೆ ಕತ್ತಿ

ಗೆಳೆಯರೆಲ್ಲ ಕೂಡಿ ಒಂದು ನಾಟಕ ಕಲಿತಿದ್ವಿ. ಹೊಳಿಯಾಗ ದೋಣಿ ಮಗಚಿ ಅವಳಿ ಅಕ್ಕ-ತಮ್ಮ ಅಗಲ್ತಾರ. ಅಕ್ಕ ಗಂಡುವೇಷ ಹಾಕ್ಕೊಂಡು ತಮ್ಮನ್ನ ಹುಡುಕ್ತಾಳ. ಮಂದಿ ಆಕಿನ್ನ ತಮ್ಮ ಅಂತ, ತಮ್ಮನ್ನ ಆಕಿ ಅಂತ ತಿಳಿತಾರ. ಆಗ ಹೆಣ್ಣಮಕ್ಕಳು ನಮ್ಮ ಜೋಡಿ ಎಲ್ಲಿ ಬಣ್ಣ ಹಚ್ಚತಿದ್ರು? ಅಕ್ಕ ನಾನೇ. ತಮ್ಮ ಜೇವರ್ಗಿಯ ಒಬ್ಬ ದರ್ಜಿ. ಅವನ ಮುಖ ಥೇಟ್ ನಂದೇ, ಮೀಸಿ ಮಾತ್ರ ಇರಲಿಲ್ಲ.

"ನೀನೂ ತೆಗಸು" ಅಂದ್ರು ನಾಟಕದ ಮಾಸ್ತರು.

ನಮ್ಮ ಕಡೆ ಅಪ್ಪ ಬದುಕಿರೂತನಕ ಮಗ ಮೀಸಿ ತೆಗಸಂಗಿಲ್ಲ. ಅದರ ಮ್ಯಾಲ ಅಫಜಲಪುರದಾಗ ನನ್ನ ಲಗ್ನ ಗೊತ್ತಾಗಿತ್ತು. ಮಾವ ಆಗೋರು ಮೊದಲೇ ಹೇಳಿದ್ರು: "ಮಗಳನ್ನ ಬಾವಿಗೆ ನೂಕ್ತೇನಿ ಹೊರತು ನಾಟಕದವರಿಗೆ ಕೊಡಂಗಿಲ್ಲ." ಆ ಹುಡುಗಿನ್ನ ಒಮ್ಮೆ ನೋಡಿದ್ದೆ ಅಷ್ಟ. ಅವತ್ತಿಂದ ತಕ್ಕಡಿ ಹಿಡಿದ್ರೂ ಕಣ್ಣ ಮುಂದ ಆಕಿನೇ.

"ಯಾರಿಗೂ ಗೊತ್ತಾಗಂಗಿಲ್ಲ ಬಿಡಲೇ" ಅಂದ್ರು ಮಾಸ್ತರು. ಹೋಗಿ ಕುಂತೆ. ಕ್ಷೌರ ಮಾಡಾಂವ ಮೀಸಿ ತೆಗೆದು, ಕತ್ತಿ ಕೆಳಗಿಟ್ಟು, ಕಣ್ಣೀರು ಒರೆಸಿಕೊಂಡ. "ದೊಡ್ಡವರು ಭಾಳ ಚಲೋ ಇದ್ರು ಬಿಡ್ರಿ!"

ಸತ್ತವರ ಊಟ

ಅವನ ಕತ್ತಿ ಒಣಗೂದರಾಗ ಖಬರ್ ಓಣಿ ಮುಟ್ಟಿತ್ತು. ನಾ ಮನಿಗೆ ಬಂದ್ರ ಬಾಗಿಲ ಮುಂದ ಹೆಣ್ಣಮಕ್ಕಳು ಕುಂತು ಅಳಾಕತ್ತಾರ. ಒಳಗ ಅಪ್ಪ ರೊಟ್ಟಿ ಮುರಿಯಾಕತ್ತಾನ.

"ಯಾರು ಹೋದ್ರಬೇ?" ಅಂತ ಅಪ್ಪ ಒಳಗಿಂದಲೇ ಕೇಳಿದ.

ಬಾಜೂ ಮನಿ ಮುದುಕಿ ಹಣಿಕಿ ಹಾಕಿ, "ನೀವೇ ಹೋಗೀರಂತ್ರಿ!" ಅಂದಳು.

"ಹೌದಾ? ಹಂಗಾದ್ರ ಇದೊಂದು ರೊಟ್ಟಿ ಉಂಡು ಹೋಗ್ತೇನಿ ತಡಿ, ಪಲ್ಯಾ ಚಲೋ ಆಗ್ಯಾದ."

ಆಮ್ಯಾಲ ನನ್ನ ಮುಖ ನೋಡಿ ಚಪ್ಪಲಿ ಹುಡುಕಾಕ ಎದ್ದ. ನಾನು ಕಾಲು ಹಿಡಿದು ನಾಟಕದ ಸಂಗತಿ ಪೂರಾ ಹೇಳಿದ ಮ್ಯಾಲೇ ಕುಂತದ್ದು.

ಜೇವರ್ಗಿಯ ಪರದೆ

ಜೇವರ್ಗಿಯಾಗ ನಾಟಕ. ದೋಣಿ ಮಗಚಿತು, ನಾನು ಸೀರಿ ಉಟ್ಟು ತಮ್ಮನ ಹೆಸರು ಕೂಗಿ ಎದಿ ಬಡ್ಕೊಂಡು ಅತ್ತೆ. ನಾಟಕ ಅರ್ಧಕ್ಕ ಬಂದಾಗ ಪರದೆ ಬಿತ್ತು. ಸಂದಿಯಾಗಿಂದ ಹಣಿಕಿದೆ. ಮುಂದಿನ ಸಾಲಿನಾಗ ಅಫಜಲಪುರದ ಮಾವ! ಮುಗೀತು, ಹುಡುಗಿ ಕೈ ತಪ್ಪಿದಳು ಅಂದ್ಕೊಂಡೆ.

ಸಾವಿನ ಖಬರ್ ಅಲ್ಲೀತನಕ ಮುಟ್ಟಿ, ಅವರು ಮಾತಾಡಿಸಾಕ ಆಳಂದಕ್ಕ ಹೋಗಿದ್ರಂತ. ನಮ್ಮಪ್ಪ ಉಣ್ಣಾಕ ಹಾಕಿ, ನಾ ಎಲ್ಲಿ ಹೋಗೇನಂತ ಬಾಯಿ ಬಿಟ್ಟಾನ.

ಮಾವ ಧಡಾಧಡಾ ಪರದೆ ಒಳಗೇ ಬಂದ್ರು. ನಾನು ಮುಖದ ಮ್ಯಾಲ ಸೆರಗು ಎಳಕೊಂಡೆ. ಅವರು ಸೀದಾ ಹೋಗಿ ದರ್ಜಿಯ ಕೊರಳಪಟ್ಟಿ ಹಿಡಿದ್ರು.

"ಅಪ್ಪ ಇರೂವಾಗ ಮೀಸಿ ತೆಗಸ್ತಿ ಏನಲೇ?"

"ನಮ್ಮಪ್ಪ ತೀರಿಕೊಂಡು ಮೂರು ವರ್ಷ ಆತ್ರೀ!"

"ಸುಳ್ಳ! ನಿನ್ನೆ ನಾ ಅವರ ಜೋಡಿ ಕುಂತು ಉಂಡು ಬಂದೇನಿ. 'ಮಗನ್ನ ಜಲ್ದಿ ಕಳಸ್ರಿ' ಅಂದಾರ!"

ದರ್ಜಿ ಹಿಂದ ಸರಿದು ಗೋಡಿಗೆ ಆತು ನಿಂತ. ಮಾವ ಹೊಡಿಯಾಕ ಕೈ ಎತ್ತಿದ್ರು. ಇನ್ನ ಸುಮ್ಮನಿರೂದು ಪಾಪ ಅನಿಸ್ತು. ಆ ಹುಡುಗಿ ಮುಖ ಒಮ್ಮೆ ನೆನೆಸಿಕೊಂಡು ಸೆರಗು ಸರಿಸಿದೆ.

"ಮಾವಾರ, ಅಂವನ್ನ ಬಿಡ್ರಿ. ನಿಮ್ಮ ಅಳಿಯ ನಾನ್ರಿ."

ಕೈ ಮ್ಯಾಲೇ ನಿಂತಿತು. ಅವನ್ನ ನೋಡಿದ್ರು, ನನ್ನ ನೋಡಿದ್ರು. ಅವರ ಕಣ್ಣು ಕೆಂಪಗಾಗಿ ಬಾತಿದ್ವು. ಸಿಟ್ಟಿಗೆ ಅಂತ ತಿಳಿದಿದ್ದೆ.

"ಹೊಳಿ ದಂಡಿ ಮ್ಯಾಲ ಅಷ್ಟೊತ್ತು ಅತ್ತಾಕಿ ನೀನೇ ಏನು?"

"ಹೌದ್ರಿ."

ಟಾವೆಲ್ಲಿಲೆ ಮೂಗು ಒರೆಸಿಕೊಂಡು ದರ್ಜಿಯನ್ನ ನನ್ನ ಕಡೆ ನೂಕಿದ್ರು.

"ಮೊದಲ ಪರದೆ ಎತ್ತಸು. ಈ ಅಕ್ಕ-ತಮ್ಮನ್ನ ಕೂಡಸ್ತಿದ್ರ ಲಗ್ನ. ಕೂಡಸಲಿಲ್ಲಂದ್ರ ನಮ್ಮ ಹುಡುಗಿ ನಿನಗಿಲ್ಲ ನೋಡು!"