ಒತ್ತೆ ಇಟ್ಟು ಒಯ್ದ ಡಿಕ್ಷನರಿ

ರಿಟೈರಾದ ಟೀಚರಿಗೆ ಪಾಠ ನಿಂತರೂ ಪಾಠದ ಫಲ ನಿಲ್ಲೋದಿಲ್ಲ. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಅದನ್ನ ನಾನು ಈಗಲೂ ಉಣ್ತಾ ಇದೀನಿ. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು ನಾನು. ಈ ಬೀದಿಯವರು ‘ಎರವಲು’ ಅನ್ನೋದು ಬಿಟ್ಟು ‘ಬಾರೋ ಮಾಡ್ತೀನಿ’ ಅನ್ನೋಕೆ ಶುರು ಮಾಡಿದ್ದು ನನ್ನಿಂದಲೇ. ಉಚ್ಚಾರಣೆಯನ್ನೂ ತಿದ್ದಿದೀನಿ. ಕೊನೆಯ ಡಬ್ಲ್ಯೂ ಬರೆಯೋಕೆ ಮಾತ್ರ, ಹೇಳೋಕಲ್ಲ. ತುಟಿ ದುಂಡಗೆ ಮಾಡಿ ಅಲ್ಲಿಗೇ ಸುಮ್ಮನಾಗಬೇಕು. ಈಗ ತರಕಾರಿ ಗಾಡಿಯವನೂ ಹಾಗೇ ಹೇಳ್ತಾನೆ. ಜಂಬ ಅಂದ್ಕೊಂಡ್ರೆ ಅಂದ್ಕೊಳ್ಳಿ, ನನಗಂತೂ ಹೆಮ್ಮೆ.

ಇಡ್ಲಿ ಪಾತ್ರೆ

ಎದುರು ಮನೆಯಾಕೆ ಓದಿದ್ದು ಏಳನೇ ಕ್ಲಾಸು. ಒಂದಿನ ಬಂದು, “ಮಿಸ್, ನಿಮ್ಮ ಇಡ್ಲಿ ಪಾತ್ರೆ ಬಾರೋ ಮಾಡ್ಲಾ?” ಅಂದ್ರು. ಡಬ್ಲ್ಯೂ ಎಲ್ಲೂ ಕೇಳಿಸಲಿಲ್ಲ. ಆ ಸಂತೋಷಕ್ಕೆ, ನನ್ನ ಮದುವೇಲಿ ಅಮ್ಮ ತಳದಲ್ಲಿ ನನ್ನ ಹೆಸರು ಕೆತ್ತಿಸಿ ಕೊಟ್ಟ ಪಾತ್ರೇನ ತಟ್ಟೆಗಳ ಸಮೇತ ಎತ್ತಿಕೊಟ್ಟೆ. ವರ್ಷ ಕಳೀತು, ಪಾತ್ರೆಯ ಸುಳಿವಿಲ್ಲ. ನಮ್ಮ ಮನೆಗೆ ನೆಂಟರು ಬಂದ ದಿನ ನಾಚಿಕೆ ಬಿಟ್ಟು ಹೋಗಿ ಕೇಳಿದೆ.

“ಅದಕ್ಕೇನಂತೆ, ಧಾರಾಳವಾಗಿ ಬಾರೋ ಮಾಡ್ಕೊಳ್ಳಿ ಮಿಸ್. ಸಂಜೆಯೊಳಗೆ ಕೊಟ್ಬಿಡಿ, ನಾಳೆ ನಮಗೆ ಬೇಕು.”

ನಾನು ಪೆದ್ದಿ, ತೊಳೆದು ಒರೆಸಿ, ಥ್ಯಾಂಕ್ಸ್ ಹೇಳಿ, ಐದು ಗಂಟೆಗೇ ಕೊಟ್ಟುಬಂದೆ.

ಕನ್ನಡಕ

ಮನೆಗೆ ಬಂದ ಮೇಲೆ ಮೈಯೆಲ್ಲ ಉರೀತು. ಡಿಕ್ಷನರಿ ತೆಗೆದೆ. ನನ್ನ ಮೊದಲ ಬ್ಯಾಚಿನ ಹುಡುಗಿಯರು ಸೇರಿ ಕೊಟ್ಟಿದ್ದು ಅದು. ಮೊದಲ ಪುಟದಲ್ಲಿ ಅಷ್ಟೂ ಜನರ ಸಹಿ ಇದೆ. ಅದರಲ್ಲಿ ನೋಡಿದ್ರೆ, ‘ಬಾರೋ’ ಹುಟ್ಟಿದ್ದೇ ಹಳೇ ಇಂಗ್ಲಿಷಿನ ‘ಒತ್ತೆ’ ಅನ್ನೋ ಮಾತಿಂದಂತೆ. ಸಿಕ್ಕಿತಲ್ಲ ಆಧಾರ! ಇನ್ಮೇಲೆ ನಮ್ಮ ಮನೆಯಿಂದ ಏನೇ ಒಯ್ದರೂ ಒಂದು ಸಾಮಾನು ಒತ್ತೆ ಇಡಬೇಕು ಅಂತ ಬೀದಿಗೆಲ್ಲ ಸಾರಿದೆ.

ಮೊದಲು ಬಂದವರು ಮಹಡಿ ಮನೆಯ ರಿಟೈರ್ಡ್ ಗುಮಾಸ್ತರು. ಇಂಗ್ಲಿಷ್ ಪೇಪರಿನ ಪದಬಂಧಕ್ಕೆ ಡಿಕ್ಷನರಿ ಬೇಕಿತ್ತು. ಡಿಕ್ಷನರಿ ಕೇಳಿದವರಿಗೆ ಇಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ. ಅವರು ಕನ್ನಡಕ ಬಿಚ್ಚಿ ಒತ್ತೆ ಇಟ್ಟು ಹೋದ್ರು. ಹತ್ತೇ ನಿಮಿಷಕ್ಕೆ ಗೋಡೆ ಹಿಡ್ಕೊಂಡು ಇಳಿದು ಬಂದ್ರು.

“ಅಕ್ಷರ ಒಂದೂ ಕಾಣಿಸ್ತಿಲ್ಲ ಮೇಡಂ. ಒಂದು ಕನ್ನಡಕ ಬಾರೋ ಮಾಡ್ಲಾ?”

“ಒತ್ತೆ ಏನಿಡ್ತೀರಿ?”

ಕಂಕುಳಲ್ಲಿದ್ದ ಪುಸ್ತಕ ಮುಂದೆ ಚಾಚಿ, “ಈ ಡಿಕ್ಷನರಿ” ಅಂದ್ರು.

ಒತ್ತೆ

ಹೋದ ತಿಂಗಳು ಫೋನು ಬಂತು. ಆ ಮೊದಲ ಬ್ಯಾಚಿನವರು, ಈಗ ಅಜ್ಜಿಯರು, ಭಾನುವಾರ ನನ್ನ ನೋಡೋಕೆ ಬರ್ತಾರಂತೆ. “ಮಿಸ್, ಡಿಕ್ಷನರಿ ಇಟ್ಟಿದೀರಲ್ಲ? ನಮ್ಮಲ್ಲೊಬ್ಬಳು ಹೋಗ್ಬಿಟ್ಳು. ಅವಳ ಸಹಿ ಒಂದ್ಸಲ ನೋಡಬೇಕು.”

ಬೀರು ತೆಗೆದರೆ ಡಿಕ್ಷನರಿ ಇಲ್ಲ. ಒತ್ತೆ ಇದೆಯಲ್ಲ ಅನ್ನೋ ಧೈರ್ಯದಲ್ಲಿ, ಯಾರು ಏನು ಒಯ್ದರು ಅಂತ ನೆನಪಿಡೋದನ್ನೇ ಬಿಟ್ಟಿದ್ದೆ. ಒತ್ತೆ ಸಾಮಾನು ಹೊತ್ಕೊಂಡು ಮನೆ ಮನೆ ತಿರುಗಿದೆ. ಛತ್ರಿ, ಕುಕ್ಕರಿನ ವೆಯ್ಟು, ಒಂಟಿ ಚಪ್ಪಲಿ, ಎಲ್ಲಕ್ಕೂ ವಾರಸುದಾರರು ಸಿಕ್ಕಿದ್ರು. ನನ್ನ ಏಣಿ ಬಂತು, ಸೌಟು ಬಂತು, ಪುಸ್ತಕ ಮಾತ್ರ ಬರಲಿಲ್ಲ. ಕೊನೆಗೆ ಉಳಿದದ್ದು ಒಂದು ಇಡ್ಲಿ ಪಾತ್ರೆ. ತಿಂಗಳಿಂದ ಅದರಲ್ಲೇ ಇಡ್ಲಿ ಬೇಯಿಸ್ತಿದ್ದೆ, ಪರರ ಸೊತ್ತು ಅಂತ ಜೋಪಾನವಾಗಿ.

ಎದುರು ಮನೆಯಾಕೆ ನಡುಮನೇಲಿ ಕೂತಿದ್ರು, ತೊಡೆ ಮೇಲೆ ನನ್ನ ಡಿಕ್ಷನರಿ. ಸೊಸೆ ಜೊತೆ ಸೇರಿ ದಿನಾ ಮಧ್ಯಾಹ್ನ ಒಂದು ಪುಟ ಓದ್ತಾರಂತೆ. ಜೀವ ಹಗುರಾದ ಮೇಲೆ ಪಾತ್ರೆ ತಿರುಗಿಸಿ ನೋಡಿದೆ. ನನ್ನದೇ ಹೆಸರು.

“ಇದು ನನ್ನ ಪಾತ್ರೆ ಅಲ್ವಾ?”

“ಹೆಸರು ನಿಮ್ಮದು ಮಿಸ್, ಒತ್ತೆ ನಮ್ಮದು. ಅದನ್ನ ಇಲ್ಲಿಡಿ, ಪುಸ್ತಕ ತಗೊಂಡು ಹೋಗಿ. ನೀವೇ ಹೇಳಿದ ಇಂಗ್ಲಿಷು.”

ಪುಸ್ತಕ ಸಿಕ್ಕಿತಲ್ಲ ಅಂತ ಪಾತ್ರೆ ಇಟ್ಟು ಬಂದೆ.

ಭಾನುವಾರ ಅಜ್ಜಿಯರೆಲ್ಲ ಬಂದ್ರು. ಆ ಒಂದು ಸಹಿ ಮೇಲೆ ಒಬ್ಬೊಬ್ಬರೂ ಕೈಯಾಡಿಸಿ ಕಣ್ಣೊರೆಸಿಕೊಂಡ್ರು. ಆಮೇಲೆ ಒಬ್ಬಳು, “ಮಿಸ್, ನಿಮ್ಮ ಪಾಠ ಯಾರಿಗೆ ಚೆನ್ನಾಗಿ ಹತ್ತಿದ್ದು?” ಅಂದ್ಳು. ಅಷ್ಟರಲ್ಲಿ ಎದುರು ಮನೆಯಾಕೆ ನನ್ನ ಪಾತ್ರೆ ತುಂಬ ಬಿಸಿ ಇಡ್ಲಿ ಹೊತ್ಕೊಂಡು ಒಳಗೆ ಬಂದ್ರು.

“ಇವರಿಗೆ” ಅಂತ ಎದೆಯುಬ್ಬಿಸಿ ತೋರಿಸಿದೆ.

ಆಕೆ ಪಾತ್ರೆ ಟೇಬಲ್ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡ್ರು.

“ನಿಧಾನವಾಗಿ ತಿನ್ನಿ, ಪಾತ್ರೆ ಸಂಜೆವರೆಗೂ ಇಲ್ಲೇ ಇರ್ಲಿ. ಒತ್ತೆ ಏನಿಡ್ತೀರಿ ಮಿಸ್?”